‘ನಿಮಗೆ ಎಂತದ್ದೂ ಇಲ್ಲ’ ಎಂಬ ತೀರ್ಪು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಎದೆ ಡವಗುಟ್ಟಿ, ಕೈಕಾಲು ಜೋಮು ಹಿಡಿದು, ಈಗಲೇ ಸತ್ತೆ ಅನ್ನಿಸಿ ಆಸ್ಪತ್ರೆಗೆ ಓಡಿದವರಿಗೆ ಕೊನೆಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ. ಇಸಿಜಿ ತೆಗೆಯುತ್ತಾರೆ, ಬಿಪಿ ನೋಡುತ್ತಾರೆ, ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಆಮೇಲೆ ನಗುತ್ತ ಹೇಳುತ್ತಾರೆ: “ನಿಮಗೆ ಎಂತದ್ದೂ ಇಲ್ಲ ಮಾರಾಯ್ರೆ, ಗ್ಯಾಸ್. ಸುಮ್ಮನೆ ಟೆನ್ಷನ್ ಮಾಡ್ಬೇಡಿ.” ತುಳುವಿನಲ್ಲಾದರೆ ಇನ್ನೂ ಚುಟುಕು: “ದಾಲ ಇಜ್ಜಿ.” ಮನೆಗೆ ಬಂದರೆ ಮನೆಯವರದೂ ಅದೇ ಮಾತು, ನೋಡಲು ಬಂದ ನೆಂಟರದೂ ಅದೇ ಮಾತು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಈ ಮಾತನ್ನು ವಿರೋಧಿಸಲೇಬೇಕಾಗಿದೆ. ಒಂದು, ಅದು ಸುಳ್ಳು. ಇನ್ನೊಂದು, ಆ ಸುಳ್ಳು ಕಾಯಿಲೆಯನ್ನು ಸಾಕಿ ಬೆಳೆಸುತ್ತದೆ.

ಬಿ.ಸಿ. ರೋಡಿನಲ್ಲಿ ಧರ್ಮಸ್ಥಳದ ಬಸ್ಸಿಗೆ ಕಾಯುತ್ತ ನಿಂತ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ವಯಸ್ಸು ನಲವತ್ತು ಮುಟ್ಟಿಲ್ಲ. ಬಿಸಿಲು, ಜನ, ಹಾರ್ನು. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳತೊಡಗುತ್ತದೆ. ಉಸಿರು ಸಾಲುವುದಿಲ್ಲ. ಬೆರಳ ತುದಿಯಲ್ಲಿ, ತುಟಿಯ ಸುತ್ತ ಜುಮುಜುಮು. ಎದುರಿನ ಬಸ್ಸು, ಅಂಗಡಿ, ಜನ ಎಲ್ಲ ದೂರ ಸರಿದ ಹಾಗೆ, ತಾನೇ ಅಲ್ಲಿ ಇಲ್ಲದ ಹಾಗೆ ಕಾಣುತ್ತದೆ. ಹಾರ್ಟ್ ಅಟ್ಯಾಕ್ ಆಯಿತು ಎಂಬುದರಲ್ಲಿ ಅವರಿಗೆ ಸಂಶಯವೇ ಉಳಿಯುವುದಿಲ್ಲ. ಆತಂಕದ ಈ ಹೊಡೆತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ರಿಕ್ಷಾ ಹಿಡಿದು ಆಸ್ಪತ್ರೆಗೆ ಮುಟ್ಟುವಾಗ ಅರ್ಧ ಇಳಿದಿರುತ್ತದೆ. ಇಸಿಜಿಯ ಕಾಗದ ಕೈಗೆ ಬರುವಾಗ ಪೂರ್ತಿ ಇಳಿದಿರುತ್ತದೆ. ಕಾಗದದಲ್ಲಿ ಏನೂ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಅರ್ಧ ಗಂಟೆಯಲ್ಲಿ ಆ ಮೈಯಲ್ಲಿ ನಡೆದದ್ದೆಲ್ಲ ನಿಜವಾಗಿ ನಡೆದದ್ದು. ಅಪಾಯ ಎದುರಾದಾಗ ಓಡಲು ಅಥವಾ ಹೊಡೆದಾಡಲು ಮೈಯನ್ನು ಸಜ್ಜು ಮಾಡುವ ವ್ಯವಸ್ಥೆ ಅಪಾಯವಿಲ್ಲದಾಗಲೇ ಚಾಲೂ ಆಗಿದೆ. ಅಡ್ರಿನಲಿನ್ ಏರಿದೆ, ಹೃದಯ ಓಡಿದೆ, ಬೆವರು ಕಿತ್ತುಬಂದಿದೆ. ಉಸಿರು ಬೇಗ ಬೇಗ ಎಳೆದಾಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನುವುದೂ ತಲೆ ತಿರುಗುವುದೂ ಅದರಿಂದಲೇ. ಇದರಲ್ಲಿ ನಟನೆ ಎಲ್ಲಿದೆ, ಕಲ್ಪನೆ ಎಲ್ಲಿದೆ? ಅಮೆರಿಕದ ವೈದ್ಯ ಜೇಕಬ್ ಡ ಕೋಸ್ಟಾ ತಮ್ಮ ದೇಶದ ಅಂತರ್ಯುದ್ಧದ ಸೈನಿಕರಲ್ಲಿ ಇದೇ ತರದ ತೊಂದರೆಯನ್ನು ಗಮನಿಸಿ 1871ರಲ್ಲಿ ಬರೆದರು. ಎದೆನೋವು, ಡವಡವ, ಏದುಸಿರು ಎಲ್ಲ ಇತ್ತು, ಹೃದಯದಲ್ಲಿ ಮಾತ್ರ ದೋಷ ಕಾಣುತ್ತಿರಲಿಲ್ಲ. ಏನೂ ಇಲ್ಲ ಎಂದು ಕಡತ ಮುಚ್ಚದೆ ಅವರು ಅದಕ್ಕೊಂದು ಹೆಸರು ಕೊಟ್ಟು, ಅದನ್ನು ಅಭ್ಯಾಸ ಮಾಡಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ‘ಪ್ಯಾನಿಕ್’ ಕಾಯಿಲೆಯನ್ನು ಪ್ರತ್ಯೇಕವಾಗಿ ಪಟ್ಟಿಮಾಡಿತು. ನಾವು ಇನ್ನೂ ಗ್ಯಾಸಿನಲ್ಲೇ ಇದ್ದೇವೆ.

ಈ ತೀರ್ಪಿನ ಬುಡದಲ್ಲಿ ಒಂದು ತಪ್ಪು ತರ್ಕ ಕೂತಿದೆ. ಹೃದಯ ಸರಿ, ಶ್ವಾಸಕೋಶ ಸರಿ, ರಕ್ತ ಸರಿ, ಹಾಗಾದರೆ ಕಾಯಿಲೆ ಇಲ್ಲ ಎಂಬ ತರ್ಕ. ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಶೂನ್ಯಕ್ಕೆ ಇಟ್ಟ ಹೆಸರಲ್ಲ ಆತಂಕದ ಕಾಯಿಲೆ. ಅದಕ್ಕೆ ಅದರದೇ ಲಕ್ಷಣಗಳಿವೆ, ಕೇಳಿದರೆ ಸಿಗುತ್ತವೆ. ಪ್ಯಾನಿಕ್ ಕಾಯಿಲೆಯ ಮುಖ್ಯ ಗುರುತು ಆ ಅರ್ಧ ಗಂಟೆಯಲ್ಲಿಲ್ಲ. ಜೀವನದಲ್ಲಿ ಒಮ್ಮೆ ಹಾಗಾಗಿ ಮತ್ತೆ ಬಾರದೆ ಹೋದವರು ಬಹಳ ಮಂದಿ ಇದ್ದಾರೆ, ಅವರಿಗೆ ಕಾಯಿಲೆ ಇದೆ ಎನ್ನುವಂತಿಲ್ಲ. ಹೇಳದೆ ಕೇಳದೆ ಮತ್ತೆ ಮತ್ತೆ ಬಂದು, ಇನ್ನೊಮ್ಮೆ ಬಂದೀತೆಂಬ ಹೆದರಿಕೆ ಒಂದು ತಿಂಗಳಿಗಿಂತ ಹೆಚ್ಚು ಬೆನ್ನು ಹತ್ತಿದರೆ, ಆ ಹೆದರಿಕೆಗಾಗಿ ಮನುಷ್ಯ ತನ್ನ ಬದುಕಿನ ದಾರಿಯನ್ನೇ ಬದಲಿಸಿಕೊಂಡರೆ, ಆಗ ಅದು ಕಾಯಿಲೆ. “ಇದಕ್ಕೆ ಹೆದರಿ ಎಂತದ್ದನ್ನೆಲ್ಲ ಬಿಟ್ಟಿದ್ದೀರಿ ಅಕ್ಕ?” ಎಂದು ಒಂದು ಪ್ರಶ್ನೆ ಕೇಳಿ ನೋಡಿ. ಬಿ.ಸಿ. ರೋಡಿನ ಆ ಹೆಂಗಸು ಒಬ್ಬಳೇ ಬಸ್ಸು ಹತ್ತುವುದಿಲ್ಲ. ಹತ್ತಿದರೂ ಬಾಗಿಲ ಹತ್ತಿರದ ಸೀಟೇ ಆಗಬೇಕು. ಧರ್ಮಸ್ಥಳದಲ್ಲಿ ದರ್ಶನದ ಸಾಲಿಗೆ ನಿಲ್ಲಲಾರಳು. ಮದುವೆ ಹಾಲಿನಲ್ಲಿ ಹೊರಗಿನ ಕುರ್ಚಿ. ಚಾರ್ಮಾಡಿ ಘಾಟಿಯ ದಾರಿ ಬೇಡವೇ ಬೇಡ. ಬ್ಯಾಗಿನಲ್ಲಿ ಸದಾ ನೀರಿನ ಬಾಟ್ಲಿ, ಗ್ಯಾಸಿನ ಮಾತ್ರೆ. ಎರಡು ವರ್ಷದಲ್ಲಿ ಅವಳ ಲೋಕ ಅಂಗಳದ ಗೇಟಿನವರೆಗೆ ಕುಗ್ಗಿದೆ. ಇಷ್ಟೆಲ್ಲ ಇರುವಾಗ ಎಂತದ್ದೂ ಇಲ್ಲವೆಂದು ಹೇಳಲು ಯಾರಿಗಾದರೂ ಬಾಯಿ ಹೇಗೆ ಬರುತ್ತದೆ?

ಹೇಳಿದರೆ ಸಮಾಧಾನವಾದರೂ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಆಗುತ್ತದೆ, ಎರಡು ವಾರಕ್ಕೆ. ಆಮೇಲೆ ಮತ್ತೊಮ್ಮೆ ಎದೆ ಹೊಡೆದುಕೊಂಡಾಗ, ಹಿಂದಿನ ಸಲ ಯಂತ್ರಕ್ಕೆ ಸಿಕ್ಕಿರಲಿಕ್ಕಿಲ್ಲ ಎಂಬ ಗುಮಾನಿ ಹುಟ್ಟುತ್ತದೆ. ಇನ್ನೊಂದು ಇಸಿಜಿ, ಎಕೋ, ಟಿಎಂಟಿ, ಎಂಡೋಸ್ಕೋಪಿ. ಬಂಟ್ವಾಳದಲ್ಲಿ ನೋಡಿದವರು ಸಾಲದೆಂದು ಮಂಗಳೂರು, ಅಲ್ಲಿ ಒಬ್ಬರು ಸಾಲದೆಂದು ಇನ್ನೊಬ್ಬರು. ಪ್ರತಿ ನಾರ್ಮಲ್ ರಿಪೋರ್ಟು ಹೊಸ ರಿಪೋರ್ಟಿನ ದಾಹ ಹುಟ್ಟಿಸುತ್ತದೆ. ಇದು ರೋಗಿಯ ಹಟವಲ್ಲ, ಕಾಯಿಲೆ ಕೆಲಸ ಮಾಡುವ ರೀತಿಯೇ ಇದು. ಅಭಯ ಕೇಳುವುದು, ಅಭಯ ಸಿಗುವುದು, ಅದು ಕರಗುವುದು, ಮತ್ತೆ ಕೇಳುವುದು ಎಂಬ ಸುತ್ತು ಭಯಕ್ಕೆ ಆಹಾರ ಒದಗಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಎಂದೋ ಗುರುತಿಸಿದ್ದಾರೆ. ಕಾಯಿಲೆಯ ಹೆಸರು ಹೇಳದೆ ಕೊಟ್ಟ ಅಭಯಕ್ಕೆ ಆಯುಷ್ಯವಿಲ್ಲ. “ನಿಮಗೆ ಆದದ್ದು ಪ್ಯಾನಿಕ್, ಅದರಿಂದ ಸಾಯುವುದಿಲ್ಲ, ಅದಕ್ಕೆ ಮದ್ದು ಉಂಟು” ಎಂದು ಹೇಳಲು ಬೇಕಾದದ್ದು ಅರ್ಧ ನಿಮಿಷ.

ಗ್ಯಾಸಿನ ಬಗ್ಗೆ ಒಂದು ಮಾತು. ನಮ್ಮೂರಿನಲ್ಲಿ ಗ್ಯಾಸ್ ಹೊಟ್ಟೆಯಿಂದ ಎದೆಗೆ, ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ತಲೆಗೆ ಏರುತ್ತದೆ. ಇಂಥ ಸಂಚಾರ ಯಾವ ಶರೀರಶಾಸ್ತ್ರದ ಪುಸ್ತಕದಲ್ಲೂ ಇಲ್ಲ. ಆದರೂ ಗ್ಯಾಸಿನ ಮಾತ್ರೆ ತಿಂದ ಮೇಲೆ ಕಮ್ಮಿಯಾಯಿತು ಎನ್ನುವವರಿದ್ದಾರೆ. ಕಮ್ಮಿಯಾಗಲು ಒಂದು ಕಾರಣ, ಪ್ಯಾನಿಕ್ ತಾನಾಗಿಯೇ ಇಳಿಯುತ್ತದೆ. ಇನ್ನೊಂದು ಕಾರಣ ಸ್ವಲ್ಪ ತಮಾಷೆಯದು. ಹೊಟ್ಟೆಯ ಸಂಕಟಕ್ಕೆಂದು ನಮ್ಮ ದೇಶದಲ್ಲಿ ಧಾರಾಳವಾಗಿ ಬರೆದುಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್ಡಯಾಜೆಪಾಕ್ಸೈಡ್ ಬೆರೆತಿರುತ್ತದೆ. ಅದು 1960ರಲ್ಲಿ ಮಾರುಕಟ್ಟೆಗೆ ಬಂದ, ಬೆಂಜೋಡಯಾಜೆಪಿನ್ ಗುಂಪಿನ ಮೊತ್ತಮೊದಲ ಆತಂಕನಿವಾರಕ. ಅಂದರೆ “ನನಗೆ ಮನಸ್ಸಿನ ಮದ್ದು ಬೇಡ, ಗ್ಯಾಸಿನದ್ದೇ ಕೊಡಿ” ಎನ್ನುವವರು ಎಷ್ಟೋ ಸಲ ಮನಸ್ಸಿನ ಮದ್ದನ್ನೇ ನುಂಗುತ್ತಿರುತ್ತಾರೆ, ಅದೂ ದಿನವೂ ನುಂಗಿದರೆ ಅಂಟಿಕೊಳ್ಳುವ ಜಾತಿಯದ್ದನ್ನು. ಮರ್ಯಾದೆ ಉಳಿಯಿತು, ಕಾಯಿಲೆಯೂ ಉಳಿಯಿತು.

ವೈದ್ಯರ ಪಕ್ಷದ ವಾದವನ್ನೂ ಕೇಳೋಣ. ಎದೆನೋವೆಂದು ಬಂದವರನ್ನು ಮೊದಲ ನೋಟಕ್ಕೇ ಆತಂಕವೆಂದು ತಳ್ಳಿಹಾಕಿ, ಅದು ನಿಜವಾದ ಹೃದಯಾಘಾತವಾಗಿದ್ದರೆ? ಈ ಆಕ್ಷೇಪ ಸರಿಯಾದದ್ದು. ಮೊದಲ ಸಲ ಬಂದಾಗ ಪರೀಕ್ಷೆ ಮಾಡಲೇಬೇಕು. ವಯಸ್ಸು ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು ಇರುವವರು, ನಡೆದಾಗ ಹತ್ತಿದಾಗ ಎದೆ ಹಿಂಡಿ ನಿಂತರೆ ಕಮ್ಮಿಯಾಗುವವರು, ನೋವು ಎಡತೋಳಿಗೋ ದವಡೆಗೋ ಹರಿಯುವವರು ಪ್ಯಾನಿಕ್ ಎಂದುಕೊಂಡು ಮನೆಯಲ್ಲಿ ಕೂರಲೇಬಾರದು. ಥೈರಾಯ್ಡ್ ಜಾಸ್ತಿಯಾದರೂ ಎದೆ ಓಡುತ್ತದೆ, ಕೈ ನಡುಗುತ್ತದೆ. ರಕ್ತಹೀನತೆ, ಹೃದಯದ ಬಡಿತದ ದೋಷ, ಸಕ್ಕರೆ ತಟ್ಟನೆ ಇಳಿಯುವುದು, ಆಸ್ತಮಾ, ದಿನಕ್ಕೆ ಏಳೆಂಟು ಲೋಟ ಕಾಪಿ, ಕುಡಿತವನ್ನು ಒಮ್ಮೆಲೇ ಬಿಟ್ಟದ್ದು, ಇವೆಲ್ಲ ಆತಂಕದ ವೇಷ ಹಾಕಿ ಬರಬಲ್ಲವು. ಇವನ್ನು ನೋಡಿ ಬದಿಗಿಡುವುದು ವೈದ್ಯರ ಧರ್ಮ. ನನ್ನ ಜಗಳ ಪರೀಕ್ಷೆಯ ಜೊತೆಗಲ್ಲ. ಪರೀಕ್ಷೆ ಮುಗಿದ ಮೇಲೆ ಮಾತೂ ಮುಗಿಯಿತು ಎನ್ನುವುದರ ಜೊತೆಗೆ. ನಾರ್ಮಲ್ ಎಂಬ ರಿಪೋರ್ಟು ಬಂದ ಕ್ಷಣದಲ್ಲಿ ಎರಡನೆಯ ಸುತ್ತಿನ ಪ್ರಶ್ನೆಗಳು ಶುರುವಾಗಬೇಕು, ನಮ್ಮಲ್ಲಿ ಮುಂದಿನ ರೋಗಿಯ ಟೋಕನ್ ಕೂಗುತ್ತಾರೆ.

ಪ್ಯಾನಿಕ್ ಆದರೂ ಗದ್ದಲ ಮಾಡಿ ಬರುತ್ತದೆ. ಗದ್ದಲವಿಲ್ಲದೆ ಇರುವ ಇನ್ನೊಂದು ಆತಂಕ ಹೆಚ್ಚು ಜನರಿಗೆ ಕಾಣುವುದೇ ಇಲ್ಲ. ಬೀಡಿ ಕಟ್ಟುತ್ತ ಮನೆ ನಡೆಸುವ ತಾಯಂದಿರು ಈ ತಾಲೂಕುಗಳ ಊರೂರಿನಲ್ಲಿ ಇದ್ದಾರೆ. ಮಗ ಗಲ್ಫಿನಲ್ಲಿ, ಮಗಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿ, ಸಂಘದ ಸಾಲದ ಕಂತು ವಾರ ವಾರ. ಚಿಂತೆಗೆ ಕಾರಣ ಬೇಕಾದಷ್ಟಿದೆ, ಹೌದು. ಆದರೆ ಮಗನ ಫೋನು ಹತ್ತು ನಿಮಿಷ ತಡವಾದರೆ ಅಪಘಾತವೇ ಕಣ್ಣಿಗೆ ಕಟ್ಟುವುದು, ಮಳೆ ಬಂದರೆ ಬಾವಿ ಕುಸಿದೀತೆಂದು, ಬಾರದಿದ್ದರೆ ಬತ್ತೀತೆಂದು ನಿದ್ದೆ ಹೋಗುವುದು, ಒಂದು ಚಿಂತೆ ತೀರಿದ ಕೂಡಲೇ ಮನಸ್ಸು ಇನ್ನೊಂದನ್ನು ಹುಡುಕಿ ತರುವುದು, ಜೊತೆಗೆ ಕುತ್ತಿಗೆ ಹೆಗಲು ಬಿಗಿತ, ಸುಸ್ತು, ಸಣ್ಣದಕ್ಕೂ ಸಿಡಿಮಿಡಿ, ಕೈಯಲ್ಲಿ ಹಿಡಿದ ಕೆಲಸ ಮರೆಯುವುದು; ಇಂಥ ದಿನಗಳೇ ಹೆಚ್ಚಾಗಿ ಆರು ತಿಂಗಳು ದಾಟಿದರೆ ಅದನ್ನು ಸ್ವಭಾವವೆಂದು ಬಿಡುವಂತಿಲ್ಲ. ಅದು ಸಾಮಾನ್ಯೀಕೃತ ಆತಂಕದ ಕಾಯಿಲೆ. ಇಂಥವರು ವೈದ್ಯರ ಹತ್ತಿರ ಹೋಗಿ ನನಗೆ ಚಿಂತೆ ಎಂದು ಹೇಳುವುದಿಲ್ಲ. ಸೊಂಟನೋವು, ತಲೆನೋವು, ನಿದ್ದೆ ಇಲ್ಲ ಎನ್ನುತ್ತಾರೆ. ನೋವಿನ ಮಾತ್ರೆ, ವಿಟಮಿನ್, ಒಂದು ಡ್ರಿಪ್. ಮನೆಯಲ್ಲಿ “ಅಮ್ಮನಿಗೆ ಎಲ್ಲದಕ್ಕೂ ಗಾಬರಿ, ಅವರು ಹಾಗೇ” ಎಂದು ಇಪ್ಪತ್ತು ವರ್ಷ ಕಳೆಯುತ್ತಾರೆ. ಆತಂಕದ ಕಾಯಿಲೆಗಳು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಹೆಂಗಸರ ಗಾಬರಿಯನ್ನು ಸ್ವಭಾವದ ಲೆಕ್ಕಕ್ಕೆ ಬರೆಯುವ ಅಭ್ಯಾಸವಿರುವ ಸಮಾಜಕ್ಕೆ ಇದು ಕಾಣದೆ ಹೋದದ್ದು ಆಕಸ್ಮಿಕವಲ್ಲ.

ಇನ್ನೊಂದನ್ನು ನಮ್ಮ ಮಡಿ ಮುಚ್ಚಿಟ್ಟಿದೆ. ಮನೆಯಲ್ಲಿ ಒಬ್ಬರು ಬಚ್ಚಲಿನಲ್ಲಿ ಎರಡು ಗಂಟೆ ಇರುತ್ತಾರೆ. ಕೈ ತೊಳೆದು ತೊಳೆದು ಚರ್ಮ ಬಿಳಿಚಿದೆ. ಹೊರಗಿನಿಂದ ಬಂದ ತರಕಾರಿ, ನೋಟು, ಮಕ್ಕಳ ಬ್ಯಾಗು ಎಲ್ಲಕ್ಕೂ ನೀರು. “ಅವರದ್ದು ಭಾರೀ ಮಡಿ” ಎಂದು ಊರು ಗೌರವದಿಂದ ಹೇಳುತ್ತದೆ. ಮಡಿಗೆ ಒಂದು ನಿಯಮವಿದೆ: ಸ್ನಾನವಾದರೆ ಮುಗಿಯಿತು, ಮನಸ್ಸು ಪೂಜೆಗೆ ಹೋಗುತ್ತದೆ. ಗೀಳಿಗೆ ಮುಗಿಯುವುದೆಂಬುದೇ ಇಲ್ಲ. ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆ, ಮಾಡಿದ ಮೇಲೂ ಸರಿಯಾಗಲಿಲ್ಲವೆಂಬ ಸಂಶಯ. ಈ ಗೀಳುರೋಗವನ್ನು ಹಿಂದೆ ಆತಂಕದ ಕಾಯಿಲೆಗಳ ಸಾಲಿನಲ್ಲೇ ಇಡುತ್ತಿದ್ದರು. 2013ರಲ್ಲಿ ಅಮೆರಿಕದ ಕೈಪಿಡಿ ಅದಕ್ಕೆ ಬೇರೆ ಅಧ್ಯಾಯ ಕೊಟ್ಟಿತು. ಬೇರೆ ಮಾಡಿದ್ದು ಬರೀ ಪಟ್ಟಿಯ ವಿಚಾರವಲ್ಲ. ಗೀಳಿಗೆ ಮದ್ದಿನ ಪ್ರಮಾಣ ಸಾಮಾನ್ಯವಾಗಿ ಹೆಚ್ಚು ಬೇಕಾಗುತ್ತದೆ, ಕಾಯಬೇಕಾದ ವಾರಗಳೂ ಹೆಚ್ಚು, ತೊಳೆಯದೆ ಇರುವುದನ್ನು ಹಂತ ಹಂತವಾಗಿ ಅಭ್ಯಾಸ ಮಾಡಿಸುವ ಬೇರೆಯದೇ ಕ್ರಮ ಬೇಕು. ಎಲ್ಲಕ್ಕೂ ಟೆನ್ಷನ್ ಎಂಬ ಒಂದೇ ಚೀಟಿ ಅಂಟಿಸಿದರೆ ಈ ವ್ಯತ್ಯಾಸ ಹೋಗುತ್ತದೆ, ಅದರ ಜೊತೆಗೆ ಗುಣವಾಗುವ ದಾರಿಯೂ ಹೋಗುತ್ತದೆ.

2019ರ ಆಗಸ್ಟಿನ ನೆರೆ ಬೆಳ್ತಂಗಡಿಯವರಿಗೆ ನೆನಪಿದೆ. ಗುಡ್ಡ ಜರಿದು, ಹೊಳೆಗಳು ತೋಟಕ್ಕೆ ನುಗ್ಗಿ, ಚಾರ್ಮಾಡಿ ರಸ್ತೆ ಮುಚ್ಚಿತು. ಅಂದು ಮನೆ, ತೋಟ ಕಳೆದುಕೊಂಡವರಿಗೆ ಮಳೆಯ ಸದ್ದಿಗೆ ಎಚ್ಚರವಾದರೆ ಅದು ಕಾಯಿಲೆಯಲ್ಲ, ಬುದ್ಧಿವಂತಿಕೆ. ಕಣ್ಮುಂದೆ ಅದೇ ದೃಶ್ಯ ಮರುಕಳಿಸುತ್ತ, ಆ ಜಾಗದ ಕಡೆ ಹೋಗಲಾರದೆ, ಬೇಸಗೆಯಲ್ಲೂ ಮೈ ಬೆಚ್ಚಿಬೀಳುತ್ತ ತಿಂಗಳುಗಟ್ಟಲೆ ಕಳೆದರೆ ಅದು ಬೇರೆ, ಆಘಾತದ ನಂತರದ ಕಾಯಿಲೆ. ಅದಕ್ಕೂ ಚಿಕಿತ್ಸೆ ಇದೆ. ಪರಿಹಾರದ ಅರ್ಜಿಯಲ್ಲಿ ಬಿದ್ದ ಗೋಡೆಗೆ, ಸತ್ತ ಹಸುವಿಗೆ ಕಾಲಂ ಇರುತ್ತದೆ, ಈ ನಷ್ಟಕ್ಕೆ ಇರುವುದಿಲ್ಲ.

ಈಗ ‘ಧೈರ್ಯ’ದ ಮಾತಿಗೆ ಬರೋಣ. ಗರಡಿ, ಕಂಬಳ, ಕೋಟಿ-ಚೆನ್ನಯರ ಊರು ಇದು. ಗಂಡಸಾದವನು ಹೆದರಿಕೆಯಾಗುತ್ತದೆ ಎಂದು ಬಾಯಿಬಿಡುವಂತಿಲ್ಲ. ನಮ್ಮ ಯಕ್ಷಗಾನದ ಆಟದಲ್ಲಿ ಹೆದರಿದವನೆಂದರೆ ಉತ್ತರಕುಮಾರ, ಅವನು ರಂಗಕ್ಕೆ ಬಂದರೆ ನಗಲಿಕ್ಕೇ. ಒಲೆಯ ಮುಂದೆ ಪೌರುಷ ಕೊಚ್ಚಿ, ಕೌರವ ಸೈನ್ಯ ಕಂಡೊಡನೆ ರಥದಿಂದ ಜಿಗಿದು ಓಡುವವನು. ನಗುವವರು ಕಥೆಯ ಮುಂದಿನ ಭಾಗವನ್ನು ಮರೆಯುತ್ತಾರೆ. ಬೃಹನ್ನಳೆ ಅವನಿಗೆ ‘ಅಲ್ಲಿ ಏನೂ ಇಲ್ಲ, ಹೋಗು’ ಎನ್ನಲಿಲ್ಲ. ಸೈನ್ಯ ಇತ್ತಲ್ಲ! ಓಡಿದವನನ್ನು ಬೆನ್ನಟ್ಟಿ ಹಿಡಿದು, ಬನ್ನಿಮರದ ಆಯುಧ ತೋರಿಸಿ, ತಾನು ಯಾರೆಂದು ತಿಳಿಸಿ, ಅವನ ಕೈಗೆ ಕುದುರೆಯ ಲಗಾಮು ಕೊಟ್ಟು, ತಾನು ಪಕ್ಕದಲ್ಲಿದ್ದು ಅದೇ ಸೈನ್ಯದ ಎದುರಿಗೆ ಕರೆದೊಯ್ದ. ಆತಂಕಕ್ಕೆ ಇವತ್ತು ಕೊಡುವ ಅತ್ಯುತ್ತಮ ಮನಶ್ಚಿಕಿತ್ಸೆ ಹೆಚ್ಚುಕಡಿಮೆ ಇದೇ. ಧೈರ್ಯ ತಂದುಕೋ ಎಂದು ದೂರ ನಿಂತು ಕೂಗುವುದಕ್ಕೆ ಆ ಪ್ರಸಂಗದಲ್ಲೂ ಜಾಗವಿಲ್ಲ, ವೈದ್ಯದಲ್ಲೂ ಇಲ್ಲ.

ಬಾಯಿಬಿಡಲಾರದ ಗಂಡಸರು ಏನು ಮಾಡುತ್ತಾರೆ? ಕೆಲವರು ಸಂಜೆ ಒಂದು ಕ್ವಾರ್ಟರ್ ಹಾಕುತ್ತಾರೆ. ಆ ರಾತ್ರಿ ಎದೆಯ ಡವಡವ ನಿಲ್ಲುತ್ತದೆ, ಬೆಳಿಗ್ಗೆ ಇಮ್ಮಡಿಯಾಗಿ ಏಳುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಈ ಕಡೆ ಎಲ್ಲರಿಗೂ ಗೊತ್ತು. ಅಲ್ಲಿ ಕುಡುಕನೆಂದು ಒಪ್ಪಿಕೊಂಡು ಊರೆದುರು ಕೂರುವುದಕ್ಕೆ ಈಗ ಮರ್ಯಾದೆ ಅಡ್ಡ ಬರುವುದಿಲ್ಲ, ಅದು ದೊಡ್ಡ ಸಾಧನೆ. ಕುಡಿತದ ಹಿಂದೆ ಕೆಲವರಲ್ಲಿ ಅಡಗಿರುವ ಭಯದ ಕಾಯಿಲೆಯನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಮರ್ಯಾದೆ ಇನ್ನೂ ಅಡ್ಡ ನಿಂತಿದೆ. ಅದು ಹಾಗೇ ಉಳಿದರೆ ಬಿಟ್ಟ ಕುಡಿತ ವಾಪಸ್ ಬರುವ ದಾರಿ ತೆರೆದೇ ಇರುತ್ತದೆ.

ದೈವ, ಜ್ಯೋತಿಷ್ಯದ ಪ್ರಶ್ನೆ, ನೂಲು, ಉಚ್ಚಾಟನೆಯ ವಿಚಾರ ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರಿಗೆ ಅದನ್ನು ಗೇಲಿ ಮಾಡುವ ಉಮೇದು ಬರುತ್ತದೆ. ಎರಡೂ ಬೇಡ. ದೈವದೆದುರು ನಿಂತು ‘ನಾನಿದ್ದೇನೆ’ ಎಂಬ ಅಭಯದ ನುಡಿ ಕೇಳಿದವನಿಗೆ ಆಗುವ ಹಗುರ ನಿಜವಾದದ್ದು. ತನ್ನವರೆಲ್ಲ ಸುತ್ತ ನೆರೆದಿರುವಾಗ ಆ ಮಾತು ಸಿಗುವುದು ಸಣ್ಣ ಸಂಗತಿಯೇನಲ್ಲ. ನನ್ನ ತಕರಾರು ಪ್ರಶ್ನೆ ಇಟ್ಟು, ಕುಲೆಯ (ಪ್ರೇತದ) ಉಪದ್ರವೆಂದೋ ಯಾರೋ ಮಾಡಿಸಿದ್ದಾರೆಂದೋ ಹೇಳಿ, ಒಂದು ಪರಿಹಾರ ಮುಗಿಯುತ್ತಲೇ ಇನ್ನೊಂದು ಪರಿಹಾರ ಹೇಳುವವರ ಬಗ್ಗೆ. ಹತ್ತೊಂಬತ್ತರ ಹುಡುಗಿಗೆ ಪ್ಯಾನಿಕ್ ಆದರೆ, ದೋಷ ಮನೆಯೊಳಗೇ ಇದೆ ಎಂದು ಅವಳಿಗೆ ನಂಬಿಸಿದಾಗ ಅವಳ ಭಯಕ್ಕೆ ಒಂದು ಮೈಯೂ ಒಂದು ಹೆಸರೂ ಸಿಗುತ್ತದೆ. ಯಾರೋ ಮಾಡಿಸಿದ್ದಾರೆಂದರೆ ಪಕ್ಕದ ಮನೆಯವರ ಮೇಲೆ ಗುಮಾನಿ ಹುಟ್ಟಿ ಎರಡು ಕುಟುಂಬ ಒಡೆಯುತ್ತವೆ. ತಂಬಿಲ ಕೊಡಿ, ಕೋಲಕ್ಕೆ ಕೈಮುಗಿಯಿರಿ, ಅದರ ಜೊತೆಯಲ್ಲೇ ವೈದ್ಯರಿಗೂ ತೋರಿಸಿ. ಹಾವು ಕಚ್ಚಿದರೆ ಈಗ ಯಾರೂ ಪ್ರಶ್ನೆ ಇಟ್ಟು ಕಾಯುವುದಿಲ್ಲವಲ್ಲ.

‘ಇದೆಲ್ಲ ಈಗಿನವರ ಕಾಯಿಲೆ, ನಮ್ಮ ಅಜ್ಜಿಯರಿಗೆ ಇರಲಿಲ್ಲ’ ಎಂಬುದು ಇನ್ನೊಂದು ಜಾಣ ಮಾತು. ಅಜ್ಜಿಯರಿಗೂ ಇತ್ತು, ಮೈಮೇಲೆ ಬಂತು, ಗಾಳಿ ಸೋಕಿತು, ಎದೆ ಹಾರುತ್ತದೆ ಎಂಬ ಬೇರೆ ಹೆಸರುಗಳಲ್ಲಿ ಇತ್ತು. ಕನ್ನಡದಲ್ಲಿ ಈ ವಿಚಾರ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ, ಅಂದರೆ ರಾಶಿ, ಮನೋವೈದ್ಯದ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಕನ್ನಡದಲ್ಲಿ ಇದನ್ನೇ ಸರಳವಾಗಿ ಬರೆಯುತ್ತ ಬಂದಿದ್ದಾರೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳನ್ನು ಅಲ್ಲೇ ನೋಡುವಂತೆ ಮಾಡಿತು. ಆ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ದಾರಿ ತೋರಿಸಿದ್ದು ನಮ್ಮದೇ ರಾಜ್ಯ. ಅಷ್ಟಾದರೂ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡದ್ದೇನು? ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 12ರಲ್ಲಿ ಕರ್ನಾಟಕ ಇರಲಿಲ್ಲ, ನಮ್ಮ ಪಕ್ಕದ ಕೇರಳ ಇತ್ತು. ನಾವು ಬೇರೆ ಇದ್ದೇವೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಮದ್ದಿನ ಬಗ್ಗೆ ಇರುವ ಹೆದರಿಕೆ ಇದೆಲ್ಲಕ್ಕಿಂತ ವಿಚಿತ್ರ. ‘ಮನಸ್ಸಿನ ಮಾತ್ರೆ ಹಿಡಿದರೆ ಬಿಡಲಿಕ್ಕಾಗುವುದಿಲ್ಲ’ ಎನ್ನುವವರೇ ರಾತ್ರಿ ನಿದ್ದೆಗೆಂದು ಆಲ್ಪ್ರಜೋಲಾಮ್ ನುಂಗುತ್ತಾರೆ, ಯಾವಾಗಲೋ ಬರೆದುಕೊಟ್ಟ ಹಳೆಯ ಚೀಟಿ ತೋರಿಸಿ. ಬಿಡಲಾಗದೆ ಅಂಟಿಕೊಳ್ಳುವುದು ಅದು. ಕೆಲವೇ ವಾರ ದಿನವೂ ತಿಂದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಒಮ್ಮೆಲೇ ನಿಲ್ಲಿಸಿದರೆ ನಡುಕ, ನಿದ್ದೆಗೇಡು, ಮೊದಲಿಗಿಂತ ಹೆಚ್ಚಿನ ಆತಂಕ, ಕೆಲವರಿಗೆ ಫಿಟ್ಸ್ ಕೂಡ. ಅದಕ್ಕಾಗಿಯೇ ಸರಕಾರ 2014ರಿಂದ ಅದನ್ನು ಎಚ್-1 ಪಟ್ಟಿಗೆ ಸೇರಿಸಿ, ಮಾರಿದ ಮೆಡಿಕಲ್ ಶಾಪಿನವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದಿಟ್ಟು ಮೂರು ವರ್ಷ ಕಾಪಾಡಬೇಕೆಂದು ಕಡ್ಡಾಯ ಮಾಡಿದೆ. ಮನೋವೈದ್ಯರು ಆತಂಕಕ್ಕೆ ಮೊದಲು ಬರೆಯುವುದು ಹೆಚ್ಚಾಗಿ ಬೇರೆ ಗುಂಪಿನ ಮದ್ದು: ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಇತ್ಯಾದಿ. ಅವು ನಶೆ ಬರಿಸುವುದಿಲ್ಲ, ಚಟ ಹಿಡಿಸುವುದಿಲ್ಲ. ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ವಾಕರಿಕೆ, ಕೆಲವರಿಗೆ ಚಡಪಡಿಕೆ ಸ್ವಲ್ಪ ಹೆಚ್ಚಾಗಬಹುದು. ಈ ಒಂದು ಮಾತನ್ನು ಮುಂಚಿತವಾಗಿ ಹೇಳದ ಕಾರಣಕ್ಕೇ ಎಷ್ಟೋ ಮಂದಿ ಐದನೆಯ ದಿನಕ್ಕೆ ಮಾತ್ರೆಯನ್ನು ಗುಂಡಿಗೆ ಎಸೆಯುತ್ತಾರೆ. ಗುಣ ಕಂಡ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಿ ಬಿಡುವುದು ಕ್ರಮ. ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ತಲೆ ತಿರುಗುವುದು, ಕಿರಿಕಿರಿ ಇರುತ್ತದೆ, ಚಟಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಪಿ ಮಾತ್ರೆಯನ್ನು ಜೀವನಪೂರ್ತಿ ತಿನ್ನಲು ಒಪ್ಪುವವರು ಒಂದು ವರ್ಷದ ಈ ಮಾತ್ರೆಗೆ ಹೆದರುವುದನ್ನು ನೋಡಿದರೆ, ಹೆದರಿಕೆ ಮಾತ್ರೆಯದ್ದಲ್ಲ, ಚೀಟಿಯ ಮೇಲಿನ ವೈದ್ಯರ ಡಿಗ್ರಿಯದ್ದು ಎಂದು ಅನ್ನಿಸುತ್ತದೆ.

ಮಾತ್ರೆಯಷ್ಟೇ, ಕೆಲವರಲ್ಲಿ ಮಾತ್ರೆಗಿಂತ ಹೆಚ್ಚು ಬಾಳುವ ಫಲ ಕೊಡುವುದು ಮಾತಿನ ಚಿಕಿತ್ಸೆ. ಬಿ.ಸಿ. ರೋಡಿನ ಆ ಹೆಂಗಸು ಮೊದಲ ವಾರ ಗಂಡನ ಜೊತೆ ಮೆಲ್ಕಾರಿನವರೆಗೆ ಬಸ್ಸಿನಲ್ಲಿ ಹೋಗಬೇಕು. ಎದೆ ಓಡಿದರೆ ಓಡಲಿ, ಇಳಿಯಬಾರದು. ಭಯ ಏರಿ, ತುದಿ ಮುಟ್ಟಿ, ತಾನಾಗಿ ಇಳಿಯುವುದನ್ನು ಅವರು ಸ್ವತಃ ಕಾಣಬೇಕು. ಮುಂದಿನ ವಾರ ಕಲ್ಲಡ್ಕ. ಆಮೇಲೆ ಒಬ್ಬರೇ. ಆಮೇಲೆ ಬ್ಯಾಗಿನಲ್ಲಿ ಗ್ಯಾಸಿನ ಮಾತ್ರೆ ಇಲ್ಲದೆ. ಹೀಗೆ ಹನ್ನೆರಡು-ಹದಿನೈದು ಭೇಟಿಗಳಲ್ಲಿ ಬದುಕು ಗೇಟು ದಾಟಿ ಮತ್ತೆ ಉಜಿರೆಗೂ ಧರ್ಮಸ್ಥಳಕ್ಕೂ ಹೋಗುತ್ತದೆ. ಇದನ್ನು ಮಾಡಿಸಲು ಬಲ್ಲ ಮನಶ್ಶಾಸ್ತ್ರಜ್ಞರು ತಾಲೂಕು ಮಟ್ಟದಲ್ಲಿ ಸಾಲದು, ಇದ್ದವರು ಹೆಚ್ಚಾಗಿ ಮಂಗಳೂರಿನಲ್ಲಿ. ಬೆಳ್ತಂಗಡಿಯಿಂದ ಅಲ್ಲಿಗೆ 60 ಕಿಲೋಮೀಟರು; ಬಸ್ಸು ಹತ್ತಲಾರದ ಕಾಯಿಲೆಗೆ ಅಷ್ಟು ದೂರ ಬಸ್ಸಿನಲ್ಲಿ ಬನ್ನಿ ಎನ್ನುವುದು ಎಂಥ ವ್ಯವಸ್ಥೆ! ಆಸ್ಪತ್ರೆಗಳೂ ಮೆಡಿಕಲ್ ಕಾಲೇಜುಗಳೂ ಬೇಕಾದಷ್ಟಿವೆ ಎಂದು ಹೆಮ್ಮೆ ಪಡುವ ಜಿಲ್ಲೆ ನಮ್ಮದು. ಆ ಹೆಮ್ಮೆ ಮಂಗಳೂರಿನ ಪಂಪ್‌ವೆಲ್ ದಾಟಿ ಒಳಗೆ ಬರಲಿ.

ಇದರ ಎದುರು ತುದಿಯಲ್ಲಿ, ತಮಗೆ ಆತಂಕದ ಕಾಯಿಲೆ ಇದೆಯೆಂದು ರೀಲ್ಸ್ ನೋಡಿ ಕಲಿತವರೂ ಇದ್ದಾರೆ. ಮೂಡುಬಿದಿರೆಯ ಕಾಲೇಜು ಮಕ್ಕಳಿಗೆ ನೀಟ್, ಸಿಇಟಿ ಹತ್ತಿರ ಬಂದಾಗ ಹೊಟ್ಟೆ ತೊಳಸುವುದು ಕಾಯಿಲೆಯಲ್ಲ. ಅಷ್ಟು ಭಯ ಇಲ್ಲದವನು ಓದುವುದೂ ಇಲ್ಲ. ಆದರೆ ಪಿಯುಸಿಗೆ ಬಂದ ಹುಡುಗನೊಬ್ಬ ತರಗತಿಯಲ್ಲಿ ಎದ್ದು ಉತ್ತರ ಹೇಳಲಾರದೆ, ಮೆಸ್ಸಿನಲ್ಲಿ ನಾಲ್ಕು ಜನರೆದುರು ಊಟ ಮಾಡಲಾರದೆ, ಎಲ್ಲರೂ ತನ್ನನ್ನೇ ನೋಡಿ ನಗುತ್ತಾರೆಂದು ವೈವಾಕ್ಕೇ ಹೋಗದೆ ಇದ್ದರೆ, ಅವನನ್ನು ನಾಚಿಕೆ ಸ್ವಭಾವದವ ಎನ್ನುವ ಉಪನ್ಯಾಸಕರು ಒಂದು ಪ್ರತಿಭೆಯನ್ನು ಕಳೆಯುತ್ತಿದ್ದಾರೆ. ಭಯ ಎಷ್ಟಿದೆ ಎಂಬುದಕ್ಕಿಂತ, ಆ ಭಯ ಏನನ್ನು ಕಸಿದುಕೊಂಡಿದೆ ಎಂದು ನೋಡಿದರೆ ರೀಲ್ಸಿನ ಆತಂಕವೂ ನಿಜವಾದ ಕಾಯಿಲೆಯೂ ಬೇರೆಬೇರೆಯಾಗಿ ನಿಲ್ಲುತ್ತವೆ.

ನಮ್ಮ ಊರಿನ ವೈದ್ಯರಲ್ಲಿ ನನ್ನದು ಒಂದು ಬೇಡಿಕೆ. 2006ರಲ್ಲಿ ಪ್ರಕಟವಾದ ‘ಜಿಎಡಿ-7’ ಎಂಬ ಏಳು ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದ ಎರಡು ವಾರಗಳಲ್ಲಿ ಚಿಂತೆ, ಚಡಪಡಿಕೆ, ಸಿಡಿಮಿಡಿ ಎಷ್ಟು ದಿನ ಕಾಡಿತು ಎಂದು ಕೇಳಿ ಪ್ರತಿಯೊಂದಕ್ಕೂ 0ರಿಂದ 3 ಅಂಕ ಕೊಡುವುದು. 21ರಲ್ಲಿ 10 ಮುಟ್ಟಿದರೆ ಇನ್ನಷ್ಟು ವಿಚಾರಿಸುವುದು. ಹಣ ಬೇಡ, ಯಂತ್ರ ಬೇಡ, ನರ್ಸ್ ಕೂಡ ಕೇಳಬಹುದು. ಇಸಿಜಿ ನಾರ್ಮಲ್ ಬಂದ ಪ್ರತಿಯೊಬ್ಬರಿಗೂ ಬಾಗಿಲು ತೋರಿಸುವ ಮೊದಲು ಆ ಏಳು ಪ್ರಶ್ನೆ ಕೇಳಿ, ಜೊತೆಗೆ ಏನನ್ನೆಲ್ಲ ಬಿಟ್ಟಿದ್ದೀರಿ ಎಂಬ ಎಂಟನೆಯದನ್ನೂ ಕೇಳಿ. ಚೀಟಿಯಲ್ಲಿ ಗ್ಯಾಸ್ಟ್ರೈಟಿಸ್ ಎಂದು ಬರೆಯುವ ಬದಲು ಇರುವುದನ್ನು ಬರೆಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಯಂತೆಯೇ ನೋಡಬೇಕು. ಹೆಸರು ಬಚ್ಚಿಡುವುದರಿಂದ ರೋಗಿಗೆ ಉಪಕಾರವೇನೂ ಇಲ್ಲ.

ಓದುವವರಲ್ಲಿ ಯಾರಿಗಾದರೂ ಇದು ತಮ್ಮದೇ, ಅಥವಾ ಮನೆಯಲ್ಲಿರುವ ಒಬ್ಬರದೇ ಕಥೆ ಅನ್ನಿಸಿದರೆ, ಬಂಟ್ವಾಳ, ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೋ ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರಕ್ಕೋ ಹೋಗಿ, ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಕೇಳಿ. ರಾಜ್ಯ ಸರಕಾರ ಅದಕ್ಕೆ ಮಂಗಳವಾರ ಗೊತ್ತುಮಾಡಿತ್ತು. ಹೋಗಲು ಆಗದಿದ್ದರೆ ಮನೆಯಿಂದಲೇ 14416ಕ್ಕೆ ಫೋನು ಮಾಡಿ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ ಮಾನಸ್ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ.